ದವಾಖಾನೆಗೆ ಬಂದವರ ಮಾತು, ಊಟ, ನಂಬಿಕೆ: ಹೊಸ ಸಿಬ್ಬಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಯಾವುದೇ ದೊಡ್ಡ ದವಾಖಾನೆಯ ಜನರಲ್ ವಾರ್ಡಿನಲ್ಲಿ ಬೆಳಗಿನ ಎಂಟಕ್ಕೆ ನಿಂತು ನೋಡಿ. ಒಂದು ಮಂಚದಿಂದ ಖಾನಾಪುರದ ಮರಾಠಿ, ಪಕ್ಕದ ಮಂಚದಿಂದ ಸವದತ್ತಿಯ ಕನ್ನಡ, ಅದರಾಚೆ ಉರ್ದು. ವಿಜಯಪುರದಲ್ಲಾದರೆ ಇವುಗಳ ಜೊತೆ ತಾಂಡಾದ ಲಂಬಾಣಿ ಮಾತೂ ಕೇಳುತ್ತದೆ. ಈ ಭಾಗದಲ್ಲಿ ಬಹಳ ವರ್ಷ ಸ್ಟಾಫ್ ನರ್ಸ್ ಆಗಿ ದುಡಿದು, ಈಗ ಹೊಸ ನರ್ಸ್‌ಗಳಿಗೆ ವಾರ್ಡಿನ ಕೆಲಸ ಹೇಳಿಕೊಡುತ್ತಿದ್ದೇನೆ. ಪ್ರತಿ ಬ್ಯಾಚಿನವರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ.

‘ಸಾಂಸ್ಕೃತಿಕ ಸಾಮರ್ಥ್ಯ’ ಎಂದು ಪಠ್ಯದಲ್ಲಿದೆ. ವಾರ್ಡಿನಲ್ಲಿ ಅದು ಏನು?

ರೋಗಿಯ ಮಾತು, ಊಟ, ನಂಬಿಕೆ ಅರಿತು ಆರೈಕೆ ಮಾಡುವುದು. ನನ್ನ ತಪ್ಪೊಂದನ್ನೇ ಹೇಳುತ್ತೇನೆ. ಜೈನ ಮನೆತನದ ಅಜ್ಜಿಯೊಬ್ಬರು ಬಿಪಿಗೆಂದು ತೋರಿಸಿಕೊಳ್ಳಲು ಬರುತ್ತಿದ್ದರು. ಬೆಳಿಗ್ಗೆ ಒಂದು ಗುಳಗಿ (ಮಾತ್ರೆ), ರಾತ್ರಿ ಊಟ ಆದ ಮೇಲೆ ಒಂದು. ಚೀಟಿ ಓದಿ ಹೇಳಿ, ಗುಳಗಿಯ ಪಟ್ಟಿ ಕೈಗೆ ಕೊಟ್ಟವಳು ನಾನೇ. ಎರಡು ಸಲ ಬಂದರೂ ಬಿಪಿ ಇಳಿಯಲಿಲ್ಲ, ಡಾಕ್ಟರು ಇನ್ನೊಂದು ಗುಳಗಿ ಸೇರಿಸಲು ಹೊರಟರು. ಅಷ್ಟರಲ್ಲಿ ತರಬೇತಿಗೆ ಬಂದ ಹುಡುಗಿಯೊಬ್ಬಳು ಸುಮ್ಮನೆ ಕೇಳಿದಳು: “ಆಯಿ, ರಾತ್ರಿ ಗುಳಗಿ ಎಷ್ಟಕ್ಕ ತಗೋತೀರಿ?” ಅಜ್ಜಿ ಅಂದರು: “ಹೊತ್ತು ಮುಳುಗಿದ ಮ್ಯಾಲೆ ನಾವು ನೀರೂ ಮುಟ್ಟಂಗಿಲ್ಲವ್ವಾ.” ರಾತ್ರಿಯ ಗುಳಗಿ ಒಂದು ದಿನವೂ ಹೊಟ್ಟೆ ಸೇರಿರಲಿಲ್ಲ. ಡಾಕ್ಟರು ಸಂಜೆ ಐದೂವರೆಗೆ ಬದಲಿಸಿದರು, ಮುಂದಿನ ತಿಂಗಳು ಬಿಪಿ ಹತೋಟಿಗೆ ಬಂತು.

ಆ ಹುಡುಗಿಗೆ ಜೈನ ಧರ್ಮ ಗೊತ್ತಿತ್ತು ಅಂತಲ್ಲ, ಕೇಳಬೇಕು ಅನ್ನುವುದು ಗೊತ್ತಿತ್ತು. ನನಗೆ ಅದು ಗೊತ್ತಿರಲಿಲ್ಲ. ನಾನು ಹೇಳಬೇಕಾದ ಮಾತು ಇದೊಂದೇ, ಕೆಳಗಿನ ಉತ್ತರಗಳೆಲ್ಲ ಇದರ ಸುತ್ತಲೇ ಇವೆ.

ಇದು ಪರದೇಶದಿಂದ ಬಂದ ವಿಷಯ ಅಲ್ಲವೇ?

ಹೆಸರು ಅಲ್ಲಿಯದು. ಅಮೆರಿಕದ ನರ್ಸ್ ಮ್ಯಾಡಲೀನ್ ಲೈನಿಂಜರ್ 1950ರ ದಶಕದಲ್ಲಿ, ಬೇರೆ ಬೇರೆ ಹಿನ್ನೆಲೆಯ ಮಕ್ಕಳಿಗೆ ಒಂದೇ ಬಗೆಯ ಆರೈಕೆ ಒಗ್ಗುತ್ತಿಲ್ಲ ಎಂಬುದನ್ನು ಗಮನಿಸಿ ಈ ಅಧ್ಯಯನಕ್ಕೆ ಅಡಿಪಾಯ ಹಾಕಿದರು. 1998ರಲ್ಲಿ ಮೆಲನಿ ಟರ್ವಲಾನ್ ಮತ್ತು ಜಾನ್ ಮರ್ರೇ ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು ‘ಸಾಮರ್ಥ್ಯ’ಕ್ಕಿಂತ ‘ವಿನಯ’ ದೊಡ್ಡದು ಎಂದು ವಾದಿಸಿದರು. ಇನ್ನೊಬ್ಬರ ಬದುಕನ್ನು ಪೂರ್ತಿ ಕಲಿತು ಮುಗಿಸಿದೆ ಎನ್ನಲು ಯಾರಿಗೂ ಆಗದು, ಕಲಿಯುತ್ತಲೇ ಇರಬೇಕು ಎಂಬುದು ಅವರ ನಿಲುವು. ನನಗೆ ಇದೇ ಹಿಡಿಸಿದ್ದು. ನಮ್ಮಲ್ಲಿ 2019ರಿಂದ ಜಾರಿಯಾದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನ ಕಲಿಸುವ ‘ಏಟ್‌ಕಾಮ್’ ಭಾಗ ಇದೆ. ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಪಾಠವೂ ಇದೆ. ಆದರೆ ಅಮೆರಿಕದ ಪುಸ್ತಕದಲ್ಲಿ ನಮ್ಮ ಜಾತಿ ಇಲ್ಲ, ತಾಂಡಾ ಇಲ್ಲ, ಬಾಣಂತಿ ಕೋಣೆ ಇಲ್ಲ. ಅವನ್ನು ನಾವೇ ಬರೆದುಕೊಳ್ಳಬೇಕು.

ಪ್ರತಿ ಸಮುದಾಯದ ಪದ್ಧತಿಗಳನ್ನು ಬಾಯಿಪಾಠ ಮಾಡಬೇಕೇ?

ಬೇಡ. ‘ಲಿಂಗಾಯತರು ಹೀಗೆ, ಮುಸ್ಲಿಮರು ಹಾಗೆ’ ಎಂದು ಪಟ್ಟಿ ಹಿಡಿದು ಹೋದವರು ಪಟ್ಟಿಯನ್ನು ನೋಡುತ್ತಾರೆ, ಎದುರಿಗಿದ್ದವರನ್ನು ನೋಡುವುದಿಲ್ಲ. ಒಂದೇ ಮನೆಯಲ್ಲಿ ಅಪ್ಪ ದಿನಾ ಲಿಂಗಪೂಜೆ ಮಾಡುತ್ತಾರೆ, ಮಗ ಮಾಡುವುದಿಲ್ಲ. ಪದ್ಧತಿ ತಿಳಿದಿದ್ದರೆ ಯಾವ ಪ್ರಶ್ನೆ ಕೇಳಬೇಕು ಎಂಬುದು ಹೊಳೆಯುತ್ತದೆ. ಉತ್ತರವನ್ನು ಅವರೇ ಹೇಳಬೇಕು.

ಹಾಗಾದರೆ ಏನು ಕೇಳಬೇಕು?

ಮನೋವೈದ್ಯ ಹಾಗೂ ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲಿ, ಕಾಯಿಲೆಯ ಬಗ್ಗೆ ರೋಗಿಯ ಸ್ವಂತ ತಿಳಿವಳಿಕೆ ಏನೆಂದು ಅರಿಯಲು ಕೆಲವು ಪ್ರಶ್ನೆಗಳನ್ನು ಕೊಟ್ಟರು. ಅವುಗಳ ಸಾರವನ್ನು ನಮ್ಮ ಕಡೆಯ ಮಾತಿನಲ್ಲಿ ನಾನು ಹೀಗೆ ಕೇಳುತ್ತೇನೆ:

“ಈ ಜಡ್ಡಿಗೆ ನಿಮ್ಮ ಕಡೆ ಏನಂತಾರ್ರಿ?”
“ಇದು ಯಾಕ ಬಂದಿರಬೇಕು ಅನಸ್ತೈತಿ?”
“ಇದರಿಂದ ಮನ್ಯಾಗ, ಹೊಲದಾಗ ಏನೇನ ತ್ರಾಸ ಆಗೇತಿ?”
“ಇಲ್ಲಿಗೆ ಬರೂಕಿಂತ ಮೊದಲ ಏನ ಮಾಡಿದ್ರಿ?”
“ನಿಮಗ ಹೆದರಿಕಿ ಇರೂದು ಯಾತರದು?”

ಕೊನೆಯ ಪ್ರಶ್ನೆ ಎಷ್ಟೋ ಸಲ ಬೀಗ ತೆಗೆಯುತ್ತದೆ. ಗರ್ಭಕೋಶದ ಗಡ್ಡೆಗೆ ಆಪರೇಶನ್ ಬೇಡವೆಂದು ಹಟ ಹಿಡಿದಿದ್ದ ಹೆಣ್ಣುಮಗಳೊಬ್ಬಳಿಗೆ ಕತ್ತರಿಯ ಹೆದರಿಕೆ ಇರಲಿಲ್ಲ. ಮೂರು ತಿಂಗಳು ಭಾರ ಎತ್ತದಿದ್ದರೆ ಕೂಲಿಗೆ ಯಾರು ಹೋಗುತ್ತಾರೆ ಎಂಬುದು ಅವಳ ಹೆದರಿಕೆ. ಅದಕ್ಕೆ ನಾವು ಇನ್ನಷ್ಟು ವೈದ್ಯಕೀಯ ಕಾರಣ ಹೇಳುತ್ತ ಹೋದರೆ ಏನು ಪ್ರಯೋಜನ?

ನಾನು ಮೈಸೂರು ಕಡೆಯವಳು. ಕನ್ನಡವೇ ಆದರೂ ಅರ್ಥವಾಗುವುದಿಲ್ಲ.

ಆಗುತ್ತದೆ, ಒಂದು ತಿಂಗಳು ಕಿವಿ ಕೊಡಿ. ಇಲ್ಲಿ ಕಾಯಿಲೆಗೆ ‘ಜಡ್ಡು’ ಅನ್ನುತ್ತಾರೆ, ನೋವಿಗೆ ‘ಬ್ಯಾನಿ’, ಕಾಮಾಲೆಗೆ ‘ಕಾಮಣಿ’, ಪಾರ್ಶ್ವವಾಯುವಿಗೆ ‘ಲಕ್ವಾ’, ಉಬ್ಬಸಕ್ಕೆ ‘ದಮ್ಮು’, ಭೇದಿಗೆ ‘ಜುಲಾಬ’, ಮಾತ್ರೆಗೆ ‘ಗುಳಗಿ’. ‘ಏಕಿ’ ಅಂದರೆ ಮೂತ್ರ, ‘ಸಂಡಾಸ’ ಅಂದರೆ ಮಲವಿಸರ್ಜನೆ. ‘ಅಮ್ಮ ಬಂದಾಳ’ ಅಂದರೆ ಸಿಡುಬಿನಂಥ ಗುಳ್ಳೆ ಎದ್ದಿವೆ ಎಂದರ್ಥ, ಈಗ ಹೆಚ್ಚಾಗಿ ಚಿಕನ್‌ಪಾಕ್ಸ್. ‘ಹೊರಗ ಕುಂತಾಳ’ ಅಂದರೆ ಮುಟ್ಟಾಗಿದ್ದಾಳೆ. ‘ಹೊರಗೆ ಯಾಕೆ, ಒಳಗೆ ಕರೆಯಿರಿ’ ಎಂದವರೂ ಉಂಟು. ‘ಜೀವ ಕಳವಳ ಆಗತೈತಿ’ ಎಂಬ ಮಾತನ್ನು ಮಾತ್ರ ಹಗುರಾಗಿ ತಗೊಳ್ಳಬೇಡಿ. ಮನಸ್ಸಿನ ದುಗುಡವೂ ಇರಬಹುದು, ಹೃದಯದ ತೊಂದರೆಯ ಮೊದಲ ಸೂಚನೆಯೂ ಇರಬಹುದು. ಮಧ್ಯವಯಸ್ಸು ದಾಟಿದವರು ಹಾಗಂದರೆ ಇಸಿಜಿ ತೆಗೆಸಿ, ಆಮೇಲೆ ಮಾತಾಡಿ.

ಕನ್ನಡ ಬಾರದ ರೋಗಿ ಬಂದರೆ?

ನೋವಿನಲ್ಲಿದ್ದವರ ಹತ್ತಿರ ಭಾಷೆಯ ವಾದ ಬೇಡ. ಗಡಿಭಾಗದಲ್ಲಿ ಕೆಲಸ ಮಾಡುವವರಿಗೆ ನಾಲ್ಕು ಮರಾಠಿ ಮಾತು ಇರಲೇಬೇಕು: ‘ಕುಠೆ ದುಖತಂಯ?’ ಎಂದರೆ ಎಲ್ಲಿ ನೋವು, ‘ಕಧೀಪಾಸೂನ?’ ಎಂದರೆ ಯಾವಾಗಿನಿಂದ. ಮರಾಠಿಯಲ್ಲಿ ‘ತಾಪ’ ಅಂದರೆ ಜ್ವರ, ಬರೀ ಬಿಸಿಲಿನ ಕಾವಲ್ಲ. ಉರ್ದು ಮಾತಾಡುವವರಿಗೂ ಇಂಥವೇ ನಾಲ್ಕು ಮಾತು ಕಲಿತಿಟ್ಟುಕೊಳ್ಳಿ. ತಾಂಡಾದ ಅಜ್ಜಿಯನ್ನು ‘ಯಾಡಿ’ ಎಂದು ಕರೆದು ನೋಡಿ. ಅವರ ಮಾತಿನಲ್ಲಿ ತಾಯಿ ಎಂದರ್ಥ. ಆ ಒಂದು ಶಬ್ದಕ್ಕೆ ಬಿಗಿದ ಮುಖ ಸಡಿಲಾಗುವುದನ್ನು ಎಷ್ಟು ಸಲ ಕಂಡಿದ್ದೇನೆ.

ಆದರೆ ನಾಲ್ಕು ಮಾತಿನಿಂದ ಆಪರೇಶನ್ನಿನ ಒಪ್ಪಿಗೆ ಪಡೆಯಲಾಗದು. ಅದಕ್ಕೆ ಎರಡೂ ಭಾಷೆ ಚೆನ್ನಾಗಿ ಬಲ್ಲ ದೊಡ್ಡವರು ಬೇಕು, ಸಾಧ್ಯವಾದರೆ ದವಾಖಾನೆಯವರೇ. ಶಾಲೆಗೆ ಹೋಗುವ ಮಗಳ ಬಾಯಿಂದ ತಾಯಿಯ ಬಿಳಿ ಸೆರಗಿನ ವಿಷಯ ಕೇಳಿಸಬೇಡಿ. ತಾಯಿ ಮುಚ್ಚಿಡುತ್ತಾಳೆ, ಮಗು ತಲೆ ತಗ್ಗಿಸುತ್ತದೆ. ಗಂಡ ಭಾಷಾಂತರ ಮಾಡಿದರೆ ಹೆಂಡತಿಯ ಮಾತು ಅರ್ಧಕ್ಕೇ ನಿಲ್ಲುತ್ತದೆ. ಯಾರೇ ನಡುವೆ ನಿಂತರೂ ನಿಮ್ಮ ಕಣ್ಣು ರೋಗಿಯ ಮೇಲಿರಲಿ. ಕೊನೆಗೆ “ಮನಿಗೆ ಹೋಗಿ ಗುಳಗಿ ಹ್ಯಾಂಗ ತಗೋತೀರಿ, ಒಂದ್ಸಲ ನನಗ ಹೇಳ್ರಿ” ಎಂದು ತಿರುಗಿ ಹೇಳಿಸಿ. “ತಿಳೀತಾ?” ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ.

ರೋಗಿಯನ್ನು ಏನೆಂದು ಕರೆಯಬೇಕು?

ಅಜ್ಜಾರ, ಆಯಿ, ಕಾಕಾ, ಅಣ್ಣಾರ, ಅಕ್ಕಾರ, ಯವ್ವಾ. ಮಾತಿಗೊಂದು ‘ರೀ’. ಮಂಚದ ನಂಬರಿನಿಂದಾಗಲಿ ಕಾಯಿಲೆಯ ಹೆಸರಿನಿಂದಾಗಲಿ ಕರೆಯಬೇಡಿ. “ಏ ಮುದುಕಿ, ಆ ಕಡಿ ಸರಿ” ಎಂದವರ ಕೈಯ ಸೂಜಿ ಯಾರಿಗೂ ಬೇಡವಾಗುತ್ತದೆ.

ಇಷ್ಟಲಿಂಗ, ತಾಳಿ, ಬಳೆ: ಆಪರೇಶನ್ ಅಥವಾ ಸ್ಕ್ಯಾನಿಗೆ ಮೊದಲು ತೆಗೆಸುವುದು ಹೇಗೆ?

ಕೂಡಲಸಂಗಮ, ಬಸವನ ಬಾಗೇವಾಡಿಗಳ ನಾಡಿದು. ಕೊರಳಿನ ಶಿವದಾರವನ್ನು ಹುಟ್ಟಿದಂದಿನಿಂದ ತೆಗೆಯದ ಹಿರಿಯರು ಇಲ್ಲಿದ್ದಾರೆ. ಹೇಳದೆ ಕೇಳದೆ ಕತ್ತರಿ ಹಾಕುವುದು ಅವರಿಗೆ ಪ್ರಾಣಕ್ಕೆ ಕೈ ಹಾಕಿದಂತೆ. ಮೊದಲು ಕಾರಣ ಹೇಳಿ: ಎಂಆರ್‌ಐ ಯಂತ್ರ ಒಂದು ದೊಡ್ಡ ಅಯಸ್ಕಾಂತ, ಯಾವ ಲೋಹವನ್ನೂ ಒಳಗೆ ಬಿಡುವಂತಿಲ್ಲ, ಇಷ್ಟಲಿಂಗ ಇಡುವ ಕರಡಿಗೆಯೂ ಹೊರಗಿರಬೇಕು. ಆಮೇಲೆ ಅವರೇ ತೆಗೆದು ಮನೆಯವರ ಕೈಗೆ ಕೊಡಲಿ, ಮಡಿ ಬಟ್ಟೆಯಲ್ಲಿ ಇಡಲಿ. ಚಪ್ಪಲಿ ಚೀಲದ ಜೊತೆ ಲಾಕರಿಗೆ ಹಾಕಬೇಡಿ. ಕಾಲಿನ ಆಪರೇಶನ್ನಿಗೆ ಕೊರಳಿನದು ತೆಗೆಯುವ ಅಗತ್ಯ ನಿಜವಾಗಿ ಇದೆಯೇ ಎಂದು ಅರಿವಳಿಕೆ ಡಾಕ್ಟರನ್ನು ಕೇಳಿ. ಎಷ್ಟೋ ‘ನಿಯಮ’ಗಳು ಬರೀ ರೂಢಿ.

ಲಂಬಾಣಿ ಹೆಣ್ಣುಮಕ್ಕಳ ತೋಳಿನ ಬಳೆಗಳು ಮುತ್ತೈದೆತನದ ಗುರುತು. ಅವನ್ನು ಒಡೆಯುವುದೆಂದರೆ ಅವರ ಕಣ್ಣಿಗೆ ಗಂಡ ಸತ್ತಂತೆ. ಬಿಪಿ ಪಟ್ಟಿಗೆ, ಸಲಾಯಿನ್ ಸೂಜಿಗೆ ಬೇರೆ ಜಾಗ ಸಿಗುತ್ತದೆಯೇ ಎಂದು ಮೊದಲು ನೋಡಿ. ಕೈ ಬಾವು ಬಂದು ರಕ್ತ ಓಡಾಟ ನಿಲ್ಲುವ ಸ್ಥಿತಿ ಇದ್ದರೆ ತೆಗೆಯಲೇಬೇಕು. ಆಗ ಅತ್ತೆಯನ್ನೋ ಗಂಡನನ್ನೋ ಕರೆದು, ಅವರೆದುರು, ಅವರ ಕೈಯಿಂದಲೇ ತೆಗೆಸಿ.

ರಂಜಾನ್‌ನಲ್ಲಿ ಸಕ್ಕರೆ ಕಾಯಿಲೆಯವರು ರೋಜಾ ಹಿಡಿಯುತ್ತೇವೆ ಅಂದರೆ?

“ಹಿಡೀಬ್ಯಾಡ್ರಿ” ಎಂದು ಗದರಿದರೆ ಅವರು ಹಿಡಿದೇ ಹಿಡಿಯುತ್ತಾರೆ, ನಿಮಗೆ ಮಾತ್ರ ಹೇಳುವುದಿಲ್ಲ. ರಂಜಾನ್‌ಗೆ ಆರರಿಂದ ಎಂಟು ವಾರ ಮೊದಲೇ ಕೇಳಿ. ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಇಸ್ಲಾಂನಲ್ಲೇ ವಿನಾಯಿತಿ ಇದೆ. ಅದನ್ನು ನಮಗಿಂತ ಅವರ ಮೌಲಾನಾ ಹೇಳಿದರೆ ತೂಕ ಹೆಚ್ಚು. ಹಿಡಿಯುವುದೇ ನಿರ್ಧಾರವಾದರೆ ಡಾಕ್ಟರು ಔಷಧಿಯ ಹೊತ್ತು, ಪ್ರಮಾಣ ಬದಲಿಸಬೇಕು. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನಂಥ ಗುಳಗಿಗಳಲ್ಲಿ ಸಕ್ಕರೆ ಕುಸಿಯುವ ಅಪಾಯ ಜಾಸ್ತಿ, ಮೆಟ್‌ಫಾರ್ಮಿನ್ ಒಂದರಲ್ಲೇ ಇರುವವರಿಗೆ ಕಡಿಮೆ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ರೋಜಾ ಮುರಿಯದು ಎಂಬುದು ಬಹುಪಾಲು ಧರ್ಮವಿದ್ವಾಂಸರ ಅಭಿಪ್ರಾಯ. ಇದನ್ನು ತಿಳಿಸಿದರೆ ಜನ ಧೈರ್ಯದಿಂದ ಪರೀಕ್ಷೆ ಮಾಡಿಕೊಳ್ಳುತ್ತಾರೆ. 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ರೋಜಾ ಬಿಡಲೇಬೇಕು ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಡಿ.

ಈ ಪ್ರಶ್ನೆ ಮುಸ್ಲಿಮರಿಗೆ ಮಾತ್ರ ಅಲ್ಲ. ಏಕಾದಶಿ, ಶ್ರಾವಣ ಸೋಮವಾರ, ನವರಾತ್ರಿ, ಜೈನರ ನೀರಿಲ್ಲದ ಉಪವಾಸ ಎಲ್ಲ ಇವೆ. “ಉಪಾಸ ಏನರ ಮಾಡ್ತೀರೇನ್ರಿ?” ಎಂದು ಎಲ್ಲರನ್ನೂ ಕೇಳಿ.

ಇನ್ನೊಂದು ಮಾತು ಇಲ್ಲೇ ಸೇರಬೇಕು. ಕ್ಯಾಪ್ಸೂಲಿನ ಕವಚ ಸಾಮಾನ್ಯವಾಗಿ ಜೆಲಟಿನ್, ಅಂದರೆ ಪ್ರಾಣಿಮೂಲದ್ದು. ಹೆಪಾರಿನ್ ಚುಚ್ಚುಮದ್ದು ಹಂದಿಯ ಕರುಳಿನಿಂದ ತಯಾರಾಗುವಂಥದ್ದು. ಮಾಂಸ ಮುಟ್ಟದವರು, ಹಂದಿ ನಿಷಿದ್ಧವಾದವರು ಕೇಳಿದರೆ ಸುಳ್ಳು ಹೇಳಬೇಡಿ. ಅದೇ ಔಷಧಿ ಗುಳಗಿಯ ರೂಪದಲ್ಲಿ ಸಿಗುತ್ತದೆಯೇ ಎಂದು ಔಷಧಿ ಅಂಗಡಿಯವರನ್ನು ವಿಚಾರಿಸಿ. ಬೇರೆ ದಾರಿ ಇಲ್ಲದಾಗ ಜೀವ ಉಳಿಸಲು ಬೇಕೇ ಬೇಕೆಂದು ಬಿಡಿಸಿ ಹೇಳಿದರೆ ಬಹಳ ಮಂದಿ ಒಪ್ಪುತ್ತಾರೆ.

ಪಥ್ಯದ ಚೀಟಿಯನ್ನು ಯಾರೂ ಪಾಲಿಸುವುದಿಲ್ಲ, ಯಾಕೆ?

ಅದರಲ್ಲಿ ಓಟ್ಸ್, ಬ್ರೌನ್ ಬ್ರೆಡ್ ಇರುವುದರಿಂದ. ಇಂಡಿ, ಮುದ್ದೇಬಿಹಾಳದ ಮನೆಯಲ್ಲಿ ತಾಟಿಗೆ ಬರುವುದು ಜೋಳದ ರೊಟ್ಟಿ. “ಉಪ್ಪು ಕಡಿಮಿ ಮಾಡ್ರಿ” ಅಂದರೆ “ಪಲ್ಯಾಕ್ಕ ಚಿಟಿಕಿ ಹಾಕ್ತೀವ್ರಿ” ಅನ್ನುತ್ತಾರೆ, ನಿಜವನ್ನೇ. ಉಪ್ಪು ಇರುವುದು ಉಪ್ಪಿನಕಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಯಲ್ಲಿ. ಹೆಸರು ಹಿಡಿದು ಕೇಳಿ. “ಬೆಲ್ಲ ಸಕ್ಕರಿ ಅಲ್ಲಲ್ರಿ” ಎಂಬ ನಂಬಿಕೆ ಮನೆಮನೆಯಲ್ಲಿದೆ, ಅದನ್ನು ಮೆಲ್ಲಗೆ ತಿದ್ದಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರು ಹೋಳಿಗೆ, ಮಾದಲಿ ಮುಟ್ಟದೆ ಬರುವುದಿಲ್ಲ. ಅವತ್ತು ಎಷ್ಟು ತಿನ್ನಬಹುದು ಎಂದು ಮೊದಲೇ ಮಾತಾಡಿಕೊಳ್ಳುವುದು ಮೇಲು.

ಬಾಣಂತಿ ಪದ್ಧತಿಗಳಲ್ಲಿ ಯಾವುದನ್ನು ಹಾಗೇ ಇರಲು ಬಿಡಬೇಕು, ಯಾವುದನ್ನು ತಡೆಯಬೇಕು?

ಮೂರು ಗುಂಪು ಮಾಡಿಕೊಳ್ಳಿ. ಅಂಟಿನುಂಡಿ, ಅಳವಿ, ಕೊಬ್ಬರಿ, ಉತ್ತತ್ತಿ ಒಳ್ಳೆಯವು, ಹೊಗಳಿ. ಕಿವಿಗೆ ಬಟ್ಟೆ ಕಟ್ಟುವುದು, ಬಿಸಿನೀರ ಎರೆಯುವುದು ಇವುಗಳಿಂದ ಕೇಡಿಲ್ಲ, ಸುಮ್ಮನಿರಿ. ತಡೆಯಬೇಕಾದವು ಬೇರೆ. ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಟ್ಟರೆ ವಿಷಾನಿಲ ತುಂಬುತ್ತದೆ, ತಾಯಿ ಮಗು ಇಬ್ಬರಿಗೂ ಅಪಾಯ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು; ಹುಟ್ಟಿದ ಒಂದು ಗಂಟೆಯೊಳಗೆ ಅದೇ ಕೂಸಿನ ಬಾಯಿಗೆ ಹೋಗಬೇಕು. ಜೇನು, ಬೆಲ್ಲದ ನೀರು, ಔಡಲೆಣ್ಣೆ ನೆಕ್ಕಿಸಬಾರದು, ಆರು ತಿಂಗಳು ಬರೀ ಎದೆಹಾಲು. ಬಾಣಂತಿಗೆ ನೀರು ಕೊಡದೆ ಇರುವುದೂ ತಪ್ಪು.

ಇದನ್ನು ಬಾಣಂತಿಗೆ ಹೇಳಿದರೆ ಏನೂ ನಡೆಯದು, ಕೋಣೆ ಅವಳ ಕೈಯಲ್ಲಿಲ್ಲ. ಅವಳ ತಾಯಿಗೆ, ಅತ್ತೆಗೆ ಹೇಳಿ. ಮೊದಲು ಅಂಟಿನುಂಡಿ ಹೇಗೆ ಮಾಡುತ್ತೀರೆಂದು ಕೇಳಿ, ಎರಡು ನಿಮಿಷ ಕಿವಿಗೊಡಿ. ಅವರ ಅರಿವಿಗೆ ಬೆಲೆ ಕೊಟ್ಟವರ ಮಾತಿಗೆ ಅವರೂ ಬೆಲೆ ಕೊಡುತ್ತಾರೆ. ಆಮೇಲೆ ಕೆಂಡದ ಮಾತು ತೆಗೆಯಿರಿ.

ಮೊದಲು ಮಂತ್ರ, ತಾಯಿತ, ನಾಟಿ ಔಷಧಿ ಮಾಡಿಸಿ ತಡವಾಗಿ ಬರುತ್ತಾರೆ. ಸಿಟ್ಟು ಬರುತ್ತದೆ.

ನನಗೂ ಬರುತ್ತದೆ, ಹಾವು ಕಚ್ಚಿದ ಕೂಸನ್ನು ಮೂರು ತಾಸು ತಡ ಮಾಡಿ ತಂದಾಗಲಂತೂ ತುಂಬಾ. ಆದರೆ ಇಂದು ನೀವು ಬೈದ ಸುದ್ದಿ ನಾಳೆ ಇಡೀ ಊರಿಗೆ ಮುಟ್ಟುತ್ತದೆ, ಮುಂದಿನವರು ಏನು ಕುಡಿಸಿದೆವು ಎಂಬುದನ್ನೇ ಮುಚ್ಚಿಡುತ್ತಾರೆ. ಕಾಮಣಿಗೆ ಯಾವ ಬೇರು ಅರೆದು ಕೊಟ್ಟರು ಎಂಬುದು ಡಾಕ್ಟರಿಗೆ ಬೇಕಾದ ಮಾಹಿತಿ. ತಾಯಿತ ಕೊರಳಲ್ಲಿರಲಿ, ಸಲಾಯಿನ್ ಕೈಯಲ್ಲಿರಲಿ. “ದೇವರಿಗೆ ಹರಕಿ ಹೊರ್ರಿ, ಜೋಡಿಗೆ 108ಕ್ಕ ಫೋನೂ ಹಚ್ಚರಿ” ಎಂದು ಹಳ್ಳಿಯಲ್ಲಿ ಹೇಳುತ್ತ ಬನ್ನಿ.

ಫಾರ್ಮಿನಲ್ಲಿ ‘ಗಂಡನ ಹೆಸರು’ ಕೇಳಿದಾಗ ಒಬ್ಬರು ಅಳುತ್ತ ಎದ್ದುಹೋದರು. ತಪ್ಪು ನನ್ನದೇ?

ಫಾರ್ಮಿನದು. ಆದರೆ ಸರಿಪಡಿಸುವುದು ನಿಮ್ಮ ಕೈಯಲ್ಲಿದೆ. ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿದೆ. ಆದರೂ ಈ ಭಾಗದ ಜಿಲ್ಲೆಗಳಲ್ಲಿ ಆ ಬದುಕು ಬಾಳಿದ ತಾಯಂದಿರು, ಅವರ ಮಕ್ಕಳು ನಮ್ಮ ನಡುವೆ ಇದ್ದಾರೆ. “ಗಂಡನ ಹೆಸರು? ತಂದಿ ಹೆಸರು?” ಎಂದು ಸಾಲಿನಲ್ಲಿ ನಿಲ್ಲಿಸಿ ಜೋರಾಗಿ ಕೇಳುವುದು ಅವರಿಗೆ ಚೂರಿ ಹಾಕಿದಂತೆ. “ಜೋಡಿಗೆ ಯಾರು ಬಂದಾರ್ರಿ, ಯಾರ ಹೆಸರು ಬರೀಲಿ?” ಎಂದರೆ ಸಾಕು, ತಾಯಿಯ ಹೆಸರಿದ್ದರೂ ನಡೆಯುತ್ತದೆ.

ಯಲ್ಲಮ್ಮನ ಸೇವೆಗೆಂದು ಹೆಣ್ಣುಡುಗೆ ತೊಟ್ಟು ಬಾಳುವ ಜೋಗಪ್ಪಂದಿರು ಬಂದಾಗಲೂ ಅಷ್ಟೇ. 2014ರಲ್ಲಿ ಸುಪ್ರೀಂ ಕೋರ್ಟ್, ಟ್ರಾನ್ಸ್‌ಜೆಂಡರ್ ಜನ ತಮ್ಮ ಲಿಂಗ ಗುರುತನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು, ಅವರಿಗಾಗಿ ಬಂದ 2019ರ ಕಾಯ್ದೆ ಆರೋಗ್ಯ ಸೇವೆಯಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಯಾವ ವಾರ್ಡಿನಲ್ಲಿ ಮಲಗಲು ಮನಸ್ಸಿಗೆ ಸಮಾಧಾನ ಎಂದು ಅವರನ್ನೇ ಕೇಳಿ. ಹೊಟ್ಟೆನೋವಿಗೆ ಬಂದವರಿಗೆ ನಿಮ್ಮ ಕುತೂಹಲದ ಪ್ರಶ್ನೆಗಳು ಬೇಡ.

ಜಾತಿ ಕೇಳಬಹುದೇ?

ಚಿಕಿತ್ಸೆಗೆ ಬೇಡ. ಊಟ, ಉಪವಾಸ, ಪೂಜೆ, ಹೆರಿಗೆಯ ಪದ್ಧತಿ ಇವನ್ನು ನೇರವಾಗಿ ಕೇಳಿ, ಜಾತಿಯಿಂದ ಊಹಿಸಬೇಡಿ. ಇದಕ್ಕಿಂತ ಕಠಿಣವಾದ ಮಾತೊಂದಿದೆ. ಕೇರಿಯ ಮನೆಗಳಿಗೆ ಹೊಸ್ತಿಲಾಚೆಯಿಂದಲೇ ಗುಳಗಿ ಎಸೆದು ಬರುವವರನ್ನು, ನಾಡಿ ಹಿಡಿಯಲು ಹಿಂಜರಿಯುವವರನ್ನು ನಾನು ಕಂಡಿದ್ದೇನೆ. ದಲಿತ ಆಶಾ ಕಾರ್ಯಕರ್ತೆಗೆ ಬಾಣಂತಿ ಕೋಣೆಯೊಳಗೆ ಬಿಡದ ಮನೆಗಳನ್ನೂ ಕಂಡಿದ್ದೇನೆ. ಇದಕ್ಕೆ ‘ಅವರ ಪದ್ಧತಿ, ಗೌರವಿಸೋಣ’ ಎನ್ನಲು ಬರುವುದಿಲ್ಲ. ಅಂಥ ಮನೆಗೆ ನಾನು ಆ ಆಶಾ ಅಕ್ಕನ ಜೊತೆಗೇ ಹೋಗಿ, ಅವಳ ಕೈಯಿಂದಲೇ ಕೂಸಿನ ತೂಕ ಮಾಡಿಸುತ್ತಿದ್ದೆ.

ಸಂಸ್ಕೃತಿಗೂ ಕಾನೂನಿಗೂ ಘರ್ಷಣೆ ಬಂದರೆ?

ಕಾನೂನು ನಡೆಯಬೇಕು. 1971ರ ಕಾಯ್ದೆಯ ಪ್ರಕಾರ ಗರ್ಭಪಾತಕ್ಕೆ ಪ್ರಾಯದ ಹೆಣ್ಣುಮಗಳ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಹದಿನಾರರ ಹುಡುಗಿ ಬಸಿರಾಗಿ ಬಂದರೆ, ಲಗ್ನ ಆಗಿದೆ ಎಂದರೂ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಆದರೆ ತಿಳಿಸುವುದು ಬೇರೆ, ಆ ಹುಡುಗಿಯನ್ನು ವಾರ್ಡಿನಲ್ಲಿ ಎಲ್ಲರೆದುರು ಅವಮಾನಿಸುವುದು ಬೇರೆ. ಅವಳ ಆರೈಕೆ ಒಂದು ಗಂಟೆಯೂ ತಡವಾಗಬಾರದು.

ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರ ಚಿಕಿತ್ಸೆ ನಡುವೆಯೇ ನಿಲ್ಲುತ್ತದೆ.

ದೀಪಾವಳಿಗೆ ಮೊದಲೇ ಕೇಳಿ: “ಈ ಸಲ ಗ್ಯಾಂಗಿನ ಜೋಡಿ ಹೋಗ್ತೀರೇನ್ರಿ?” ಕ್ಷಯದ ಚಿಕಿತ್ಸೆಯಲ್ಲಿದ್ದರೆ ಅವರ ನಿಕ್ಷಯ್ ನಂಬರನ್ನು (ಸರ್ಕಾರದ ಕ್ಷಯ ದಾಖಲೆಯಲ್ಲಿ ಅವರ ಗುರುತಿನ ಸಂಖ್ಯೆ) ಬರೆದುಕೊಡಿ, ಅದರ ಮೇಲೆ ಬೇರೆ ರಾಜ್ಯದಲ್ಲೂ ಚಿಕಿತ್ಸೆ ಮುಂದುವರಿಯುತ್ತದೆ. ಗರ್ಭಿಣಿಯಾದರೆ ತಾಯಿ ಕಾರ್ಡ್ ಕೈಯಲ್ಲೇ ಇರಲಿ, ಊರ ಟ್ರಂಕಿನಲ್ಲಿ ಬೇಡ.

ಓಪಿಡಿಯಲ್ಲಿ ಅಷ್ಟೊಂದು ಜನ. ಇಷ್ಟೆಲ್ಲ ಕೇಳಲು ಹೊತ್ತೆಲ್ಲಿದೆ? ಎಲ್ಲಿಂದ ಶುರು ಮಾಡಲಿ?

ಒಂದೇ ಪ್ರಶ್ನೆಯಿಂದ. ನಾಳೆ ಗುಳಗಿ ಕೊಡುವಾಗ “ನೀವು ಊಟ ಎಷ್ಟೊತ್ತಿಗೆ ಮಾಡ್ತೀರಿ?” ಎಂದಷ್ಟೇ ಕೇಳಿ. ಚೀಟಿಯಲ್ಲಿ ‘ಊಟದ ನಂತರ’ ಮೂರು ಸಲ ಅಂತಿರುತ್ತದೆ, ಹೊಲಕ್ಕೆ ಹೋಗುವವರು ಉಣ್ಣುವುದು ಎರಡೇ ಸಲ. ಬರುವ ವಾರ ಮಧ್ಯಾಹ್ನ ಬಿಡುವಿನಲ್ಲಿ ವಾರ್ಡಿನ ಆಯಾ ಅಕ್ಕನ ಪಕ್ಕ ಬುತ್ತಿ ಬಿಚ್ಚಿ ಕೂತು, ಯಾವ ರೋಗಿ ಯಾಕೆ ಉಣ್ಣುತ್ತಿಲ್ಲ ಎಂದು ಕೇಳಿ. ಚಾರ್ಟಿನಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.